ತೋಟ ಸುತ್ತುವವರ ಗುಂಪು ಸೇರಬೇಕಾ? ಹೀಗೆ ಶುರು ಮಾಡಿ

ಕುಂಡದಲ್ಲಿ ಬೆಳೆಸಿದ ಕರಿಬೇವಿನ ಚಿಗುರನ್ನು ಯಾವುದೋ ಹುಳ ತಿಂದು ಹಾಕಿದೆ ಅಂದುಕೊಳ್ಳಿ. ಎಲೆ ತಿರುಗಿಸಿ ನೋಡಿದರೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಪುಟ್ಟ ಹುಳ. ನೀವೊಬ್ಬರೇ ಇದ್ದರೆ ಬೇವಿನೆಣ್ಣೆ ಹೊಡೆದು ಸುಮ್ಮನಾಗುತ್ತೀರಿ. ಪಕ್ಕದಲ್ಲಿ ತಿಳಿದವರು ಯಾರಾದರೂ ಇದ್ದರೆ "ತಡೀರಿ, ಅದು ಚಿಟ್ಟೆ ಮರಿ, ಇನ್ನು ಸ್ವಲ್ಪ ದಿನಕ್ಕೆ ಹಸಿರಾಗುತ್ತೆ, ಆಮೇಲೆ ಕೋಶ ಕಟ್ಟುತ್ತೆ, ಇರಲಿ ಬಿಡಿ" ಎನ್ನುತ್ತಾರೆ. ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆ ಅದು. ಕರಿಬೇವು, ನಿಂಬೆ, ಕಿತ್ತಳೆ ಜಾತಿಯ ಗಿಡ ಎಲ್ಲಿದ್ದರೂ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತದೆ. ಇಂಥ ಒಂದು ಮಾತು ಸರಿಯಾದ ಹೊತ್ತಿಗೆ ಕಿವಿಗೆ ಬಿದ್ದರೆ ಆ ಗಿಡವನ್ನು ನೀವು ನೋಡುವ ರೀತಿಯೇ ಬೇರೆಯಾಗುತ್ತದೆ.

ಆ ಮಾತು ಹೇಳುವವರು ಸಿಗುವುದು ಗುಂಪಿನಲ್ಲಿ. ವಿಡಿಯೊ ನೋಡಿ ಕಲಿಯಬಹುದು ನಿಜ, ಆದರೆ ವಿಡಿಯೊದವರಿಗೆ ನಿಮ್ಮ ಮನೆಯ ಬಿಸಿಲು ಯಾವ ಕಡೆಯಿಂದ ಬರುತ್ತದೆ, ನಿಮ್ಮ ಬೀದಿಯ ಮರ ಯಾವುದು, ನಿಮ್ಮ ಕೆರೆಗೆ ಯಾವಾಗ ನೀರು ಬರುತ್ತದೆ ಅನ್ನುವುದು ಗೊತ್ತಿರುವುದಿಲ್ಲ. ನಿಮ್ಮ ಊರಿನವರಿಗೆ ಗೊತ್ತಿರುತ್ತದೆ. ಹಾಗಾಗಿ ನಾನು ಮೊದಲೇ ಹೇಳಿಬಿಡುತ್ತೇನೆ: ದೊಡ್ಡ ಹೆಸರಿನ ಗುಂಪಿಗಿಂತ ಹತ್ತಿರದ ಗುಂಪು ಒಳ್ಳೆಯದು. ದೂರದ ಕಾಡಿಗೆ ವರ್ಷಕ್ಕೊಮ್ಮೆ ಹೋಗುವುದಕ್ಕಿಂತ ಪಕ್ಕದ ಪಾರ್ಕಿಗೆ ಪ್ರತಿ ತಿಂಗಳು ಹೋಗುವುದರಲ್ಲಿ ಕಲಿಯುವುದು ಜಾಸ್ತಿ.

ಎಂಥ ಗುಂಪುಗಳಿವೆ

ಕರ್ನಾಟಕದಲ್ಲಿ ಈ ಥರದ ಗುಂಪುಗಳು ಹೊಸದೇನಲ್ಲ. ಲಾಲ್‌ಬಾಗಿನಲ್ಲಿರುವ ಮೈಸೂರು ಉದ್ಯಾನ ಕಲಾ ಸಂಘ 1912ರಲ್ಲಿ ಶುರುವಾದದ್ದು. ಜನವರಿ ಮತ್ತು ಆಗಸ್ಟ್‌ನಲ್ಲಿ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನವನ್ನು ತೋಟಗಾರಿಕೆ ಇಲಾಖೆ ಈ ಸಂಘದ ಜೊತೆ ಸೇರಿಯೇ ಮಾಡುತ್ತದೆ. ಬೆಂಗಳೂರಿನ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ 1970ರ ದಶಕದಿಂದ ಇದೆ. ಮೈಸೂರಿನಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಅನ್ನುವ ಹಳೆಯ ಗುಂಪಿದೆ. ಶಿರಸಿಯಲ್ಲಿ ವನಸ್ತ್ರೀ ಅಂತ ಹೆಣ್ಣುಮಕ್ಕಳ ಗುಂಪು, ಹಿತ್ತಲ ತೋಟದ ನಾಟಿ ಬೀಜಗಳನ್ನು ಉಳಿಸಿ ಹಂಚಿಕೊಳ್ಳುವವರು. ತಾರಸಿ ತೋಟದವರಿಗಾಗಿ ಗಾರ್ಡನ್ ಸಿಟಿ ಫಾರ್ಮರ್ಸ್ ಬೆಂಗಳೂರಿನ ಬೇರೆ ಬೇರೆ ಬಡಾವಣೆಗಳಲ್ಲಿ 'ಊಟ ಫ್ರಮ್ ಯುವರ್ ತೋಟ' ಎಂಬ ಸಂತೆ ನಡೆಸುತ್ತಾ ಬಂದಿದ್ದಾರೆ. ದೇಸಿ ತಳಿಗಳ ಬಗ್ಗೆ ಆಸೆ ಇದ್ದರೆ ಸಹಜ ಸಮೃದ್ಧದವರ ಬೀಜ ಮೇಳ, ಗೆಡ್ಡೆ ಗೆಣಸು ಮೇಳಗಳಿವೆ.

ಇವೆಲ್ಲ ಹೆಸರಿರುವ ಗುಂಪುಗಳು. ಹೆಸರೇ ಇಲ್ಲದ ಗುಂಪುಗಳು ಇದಕ್ಕಿಂತ ಎಷ್ಟೋ ಹೆಚ್ಚು. ಒಂದು ಕೆರೆಯ ಸುತ್ತ ಬೆಳಿಗ್ಗೆ ನಡೆಯುವವರು, ಒಂದು ಬಡಾವಣೆಯ ತಾರಸಿ ತೋಟದವರು, ಮಲೆನಾಡಿನ ಕಡೆ ಡೇರೆ ಹೂವಿನ ಗೆಡ್ಡೆ ಬದಲಾಯಿಸಿಕೊಳ್ಳುವ ಅಕ್ಕಂದಿರು, ನಿವೃತ್ತರಾದ ಮೇಲೂ ಮರ ತೋರಿಸುವುದು ಬಿಡದ ಸಸ್ಯಶಾಸ್ತ್ರದ ಮೇಷ್ಟ್ರು ಮತ್ತು ಅವರ ಹಿಂದೆ ಹೋಗುವ ಹತ್ತು ಜನ. ನಿಮಗೆ ಬೇಕಾದ ಗುಂಪು ಬಹುಶಃ ಇಂಥದ್ದೇ.

ಹುಡುಕುವುದು ಎಲ್ಲಿ

ಮೊದಲು ನಿಮ್ಮ ಪಾರ್ಕಿನ ಗೇಟಿನ ಹತ್ತಿರ ಇರುವ ಬೋರ್ಡ್ ಓದಿ. ನಡಿಗೆದಾರರ ಸಂಘದ ಹೆಸರು, ಮುಂದಿನ ಕಾರ್ಯಕ್ರಮ ಅಲ್ಲಿ ಬರೆದಿರುತ್ತಾರೆ. ಆಮೇಲೆ ನರ್ಸರಿಯವರನ್ನು ಕೇಳಿ. ಯಾವ ಮನೆಯಲ್ಲಿ ಒಳ್ಳೆಯ ತೋಟವಿದೆ, ಯಾರು ಯಾರ ಜೊತೆ ಬಂದು ಗಿಡ ಕೊಳ್ಳುತ್ತಾರೆ ಅನ್ನುವುದು ಊರಿನಲ್ಲಿ ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ. ಜಿಲ್ಲೆಯ ತೋಟಗಾರಿಕೆ ಇಲಾಖೆ ಕಚೇರಿಯಲ್ಲೂ ಕೇಳಬಹುದು, ತಾರಸಿ ತೋಟದ ತರಬೇತಿ ಏನಾದರೂ ಇದ್ದರೆ ಹೇಳುತ್ತಾರೆ. ಅಂಥ ತರಬೇತಿಗೆ ಹೋದರೆ ಪಾಠಕ್ಕಿಂತ ದೊಡ್ಡ ಲಾಭ ಪಕ್ಕದಲ್ಲಿ ಕೂತವರ ಪರಿಚಯ.

ಫಲಪುಷ್ಪ ಪ್ರದರ್ಶನಕ್ಕೆ ಹೋಗುವುದಾದರೆ ವಾರದ ಮಧ್ಯದ ದಿನ, ಬೆಳಿಗ್ಗೆ ಬೇಗ ಹೋಗಿ. ರಜಾದಿನ ಹೋದರೆ ಹೂವಿಗಿಂತ ತಲೆಗಳೇ ಕಾಣುವುದು, ಯಾರನ್ನೂ ಮಾತಾಡಿಸಲು ಆಗುವುದಿಲ್ಲ. ಬೊನ್ಸಾಯ್, ಇಕೆಬಾನ (ಜಪಾನಿನ ಹೂ ಜೋಡಣೆ), ತರಕಾರಿ ಬೀಜದ ಮಳಿಗೆಗಳಲ್ಲಿ ನಿಂತಿರುವವರಲ್ಲಿ ಬಹಳಷ್ಟು ಜನ ಯಾವುದಾದರೊಂದು ಗುಂಪಿನವರೇ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿ ಮೇಳ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೇಳ, ಮೈಸೂರಿನ ದಸರಾ ಫಲಪುಷ್ಪ ಪ್ರದರ್ಶನ, ಎಲ್ಲ ಕಡೆಯೂ ಇದೇ ಕಥೆ. "ನೀವು ತಿಂಗಳಿಗೊಮ್ಮೆ ಸೇರ್ತೀರಾ? ನಾನೂ ಬರಬಹುದಾ?" ಅಂತ ನೇರವಾಗಿ ಕೇಳಿ. ಗಿಡದವರು ಇಂಥ ಪ್ರಶ್ನೆಗೆ ಬೇಡ ಅನ್ನುವುದು ಬಹಳ ಅಪರೂಪ.

ಹಕ್ಕಿ, ಚಿಟ್ಟೆ ಕಡೆ ಮನಸ್ಸಿದ್ದರೆ ಎಣಿಕೆಯ ದಿನಗಳನ್ನು ಕಾಯಿರಿ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ, ಜುಲೈನಲ್ಲಿ ಪತಂಗ ವಾರ, ಸೆಪ್ಟೆಂಬರ್‌ನಲ್ಲಿ ಚಿಟ್ಟೆ ತಿಂಗಳು. ಆ ದಿನಗಳಲ್ಲಿ ಹೊಸಬರನ್ನು ಕರೆದುಕೊಂಡು ಹೋಗುವುದಕ್ಕೇ ಅಂತ ನಡಿಗೆಗಳನ್ನು ಇಟ್ಟಿರುತ್ತಾರೆ, ಕಾಲೇಜುಗಳಲ್ಲೂ ಕ್ಯಾಂಪಸ್ ಎಣಿಕೆ ಇರುತ್ತದೆ. ಏನೂ ಗೊತ್ತಿಲ್ಲದೆ ಹೋಗಿ ನಿಲ್ಲಲು ಇದಕ್ಕಿಂತ ಒಳ್ಳೆ ಹೊತ್ತಿಲ್ಲ, ಯಾಕೆಂದರೆ ಅವತ್ತು ಎಣಿಸಲು ಕಣ್ಣುಗಳು ಬೇಕು. ಗುಬ್ಬಿ ಎಲ್ಲಿದೆ ಅಂತ ತೋರಿಸುವವರೂ ಕೆಲಸಕ್ಕೆ ಬರುತ್ತಾರೆ.

ಸೇರುವ ಮೊದಲು ಒಂದೆರಡು ಸಲ ಸುಮ್ನೆ ಹೋಗಿ

ಮೊದಲ ದಿನವೇ ಸದಸ್ಯತ್ವದ ದುಡ್ಡು ಕಟ್ಟಬೇಡಿ. ಅತಿಥಿಯಾಗಿ ಬರುತ್ತೇನೆ ಅನ್ನಿ. ಒಳ್ಳೆಯ ಗುಂಪಿನವರು ಅದಕ್ಕೆ ಒಪ್ಪುತ್ತಾರೆ, ಒಪ್ಪದಿದ್ದರೆ ಅಲ್ಲಿಗೇ ಅರ್ಥವಾಗುತ್ತದೆ.

ಹೋದಾಗ ಏನು ಗಮನಿಸಬೇಕು? ನಡೆಸುವವರಿಗೆ ಎಷ್ಟು ಹೆಸರು ಬಾಯಿಗೆ ಬರುತ್ತದೆ ಅನ್ನುವುದು ಮುಖ್ಯವಲ್ಲ. ಏನೂ ಗೊತ್ತಿಲ್ಲದವರು ಒಂದು ಸಣ್ಣ ಪ್ರಶ್ನೆ ಕೇಳಿದಾಗ ಅವರು ನಿಂತು ಉತ್ತರ ಕೊಡುತ್ತಾರಾ ಅನ್ನುವುದನ್ನು ನೋಡಿ. ಎಂಟು ವರ್ಷದ ಮಗು "ಈ ಮರಕ್ಕೆ ಯಾಕೆ ಮುಳ್ಳು?" ಅಂದರೆ ಅದಕ್ಕೆ ಬೂರುಗದ ಕಾಂಡ ಮುಟ್ಟಿಸಿ ಹೇಳುತ್ತಾರಾ, ಇಲ್ಲ "ಆಮೇಲೆ, ಆಮೇಲೆ" ಅಂತ ಮುಂದೆ ಹೋಗುತ್ತಾರಾ? ಹಿಂದೆ ಉಳಿದ ವಯಸ್ಸಾದವರಿಗಾಗಿ ಕಾಯುತ್ತಾರಾ? ಗೊತ್ತಿಲ್ಲದ್ದನ್ನು "ಗೊತ್ತಿಲ್ಲ, ನೋಡಿ ಹೇಳ್ತೀನಿ" ಎನ್ನುತ್ತಾರಾ? ಈ ಮೂರು ಇದ್ದರೆ ಆ ಗುಂಪು ಬಿಡಬೇಡಿ. ಉಳಿದದ್ದೆಲ್ಲ ಕಲಿಯಬಹುದು.

ಇನ್ನು ಕೆಲವು ಗುಂಪುಗಳು ಹೆಸರಿಗೆ ತೋಟದ ಗುಂಪು, ನಡೆಯುವುದು ವ್ಯಾಪಾರ. ಪ್ರತಿ ಭೇಟಿಯಲ್ಲೂ ಯಾರದ್ದೋ ಕುಂಡ, ಯಾರದ್ದೋ ಗೊಬ್ಬರದ ಪ್ಯಾಕೆಟ್ ಕೊಳ್ಳಲೇಬೇಕು ಅನ್ನುವ ಒತ್ತಾಯ. ಮಾರಾಟ ಇರಲಿ, ತಪ್ಪಲ್ಲ, ಮನೆಯಲ್ಲಿ ಮಾಡಿದ ಕಾಂಪೋಸ್ಟ್ ಮಾರುವವರಿಂದ ನಾನೂ ಖುಷಿಯಿಂದ ಕೊಳ್ಳುತ್ತೇನೆ, ಆದರೆ ಕೊಂಡವರನ್ನಷ್ಟೇ ಮಾತಾಡಿಸುವ ಕಡೆ ಇರಬೇಡಿ. ಫೋಟೊ ತೆಗೆಯುವುದೇ ಮುಖ್ಯವಾದ ಗುಂಪೂ ಇದೆ. ಹಕ್ಕಿ ಹೊರಗೆ ಬರಲಿ ಅಂತ ಮೊಬೈಲಿನಲ್ಲಿ ಅದರ ಕೂಗು ಹಾಕುವುದು, ಗೂಡಿನ ಮುಂದಿನ ಕೊಂಬೆ ಮುರಿಯುವುದು ಕಂಡರೆ ಆ ಜೊತೆ ಬೇಡ. ಕೂಗು ಕೇಳಿದ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಬಂತು ಅಂತ ತಿಳಿದು, ಮರಿಗೆ ತಿನ್ನಿಸುವುದನ್ನೂ ಬಿಟ್ಟು ಹುಡುಕಾಡುತ್ತದೆ. ಕೊಂಬೆ ಮುರಿದರೆ ಕಾಗೆಗೆ ಗೂಡು ಕಾಣುತ್ತದೆ.

ದುಡ್ಡಿನ ವಿಷಯ ಸರಳ. ಎಷ್ಟು, ವರ್ಷಕ್ಕೋ ತಿಂಗಳಿಗೋ, ಯಾವುದಕ್ಕೆ ಖರ್ಚು ಮಾಡುತ್ತಾರೆ, ರಸೀದಿ ಕೊಡುತ್ತಾರಾ ಅಂತ ಕೇಳಿ. ನೋಂದಾಯಿಸಿದ ಸಂಘವಾದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕಪತ್ರ ಇರಲೇಬೇಕು. ಎಷ್ಟೋ ಒಳ್ಳೆಯ ನಡಿಗೆಗಳಿಗೆ ದುಡ್ಡೇ ಇಲ್ಲ, ಪಾರ್ಕಿನ ಟಿಕೆಟ್ ಮತ್ತು ಆಮೇಲಿನ ಕಾಫಿ, ಅಷ್ಟೇ.

ಮೊದಲ ನಡಿಗೆಗೆ ತಯಾರಿ

ಬೆಳಿಗ್ಗೆ ಆರೂವರೆ ಅಂದರೆ ಆರೂ ಇಪ್ಪತ್ತಕ್ಕೆ ಅಲ್ಲಿರಿ. ಹಕ್ಕಿಗಳು ಎಂಟೂವರೆ ಒಂಬತ್ತಕ್ಕೆ ನೆರಳು ಸೇರುತ್ತವೆ, ನಿಮಗಾಗಿ ಕಾಯುವುದಿಲ್ಲ. ಚಿಟ್ಟೆ ನಡಿಗೆ ಮಾತ್ರ ಸ್ವಲ್ಪ ತಡ, ಬಿಸಿಲು ಏರಿದ ಮೇಲೆ, ಯಾಕೆಂದರೆ ರೆಕ್ಕೆ ಬೆಚ್ಚಗಾಗದೆ ಅವು ಹಾರುವುದಿಲ್ಲ.

ಮಣ್ಣು ಬಣ್ಣದ, ಹಸಿರು ಬಣ್ಣದ ತುಂಬು ತೋಳಿನ ಬಟ್ಟೆ ಹಾಕಿಕೊಳ್ಳಿ. ಸೆಂಟ್ ಬೇಡ. ಚಪ್ಪಲಿ ಬದಲು ಶೂ. ನೀರು, ಟೋಪಿ, ಒಂದು ಸಣ್ಣ ನೋಟ್‌ಬುಕ್ಕು ಮತ್ತು ಪೆನ್ಸಿಲ್ಲು. ಪೆನ್ಸಿಲ್ಲೇ ಇರಲಿ, ಮಳೆ ಹನಿ ಬಿದ್ದರೂ ಬರೆದದ್ದು ಅಳಿಸಿಹೋಗುವುದಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಹೋದರೆ ಇಂಬಳ ಇದ್ದೇ ಇರುತ್ತವೆ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಚೂರು ಉಪ್ಪು ಕಟ್ಟಿಕೊಳ್ಳಿ.

ಬೈನಾಕ್ಯುಲರ್ ಕೊಳ್ಳಲು ಓಡಬೇಡಿ. ಮೊದಲ ಕೆಲವು ತಿಂಗಳು ಪಕ್ಕದವರದ್ದು ಕೇಳಿ ನೋಡಿ, ನಡಿಗೆಯಲ್ಲಿ ಕೊಡುತ್ತಾರೆ. ಹಲವರದ್ದು ಕೈಗೆ ಹಿಡಿದು ನೋಡಿದ ಮೇಲೆ ನಿಮ್ಮ ಕಣ್ಣಿಗೆ, ಕತ್ತಿಗೆ ಯಾವುದು ಒಗ್ಗುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಕೊಳ್ಳುವುದಾದರೆ 8×42 ಅಂತ ಬರೆದಿರುವುದು ಹೆಚ್ಚಿನವರಿಗೆ ಸರಿಹೋಗುತ್ತದೆ. 8 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ. ಅದಕ್ಕಿಂತ ಜಾಸ್ತಿ ಪಟ್ಟಿನದು ತಂದರೆ ಕೈ ಚೂರು ಅಲುಗಿದರೂ ಹಕ್ಕಿ ನೋಟದಿಂದ ತಪ್ಪಿಹೋಗುತ್ತದೆ. ಮರ ನೋಡುವವರಿಗೆ ಇದೂ ಬೇಡ, ಹತ್ತು ಪಟ್ಟು ತೋರಿಸುವ ಪುಟ್ಟ ಭೂತಗನ್ನಡಿ ಸಾಕು.

ಮುಜುಗರ ಬೇಡ. ಬೆಂಗಳೂರಿನ ಕೆಲವು ನಡಿಗೆಗಳಲ್ಲಿ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ ಇರುತ್ತದೆ. ನೀವು ಕನ್ನಡದಲ್ಲೇ ಕೇಳಿ. ನಿಮ್ಮ ಊರಿನಲ್ಲಿ ಆ ಗಿಡಕ್ಕೆ ಏನನ್ನುತ್ತಾರೆ, ಅಜ್ಜಿ ಅದನ್ನು ಯಾವುದಕ್ಕೆ ಬಳಸುತ್ತಿದ್ದರು ಅಂತ ಹೇಳಿ. ನಡೆಸುವವರು ಅದನ್ನು ಬರೆದುಕೊಳ್ಳುತ್ತಾರೆ. ದೊಡ್ಡಪತ್ರೆ ತಂಬುಳಿ, ಬಸಳೆ ಹುಳಿ, ಅತ್ತಿಕಾಯಿ ಪಲ್ಯ ಗೊತ್ತಿರುವ ಮನೆಯಿಂದ ಬಂದವರು ಬರಿಗೈಯಲ್ಲಿ ಬಂದವರಲ್ಲ.

ನಡಿಗೆ ಮುಗಿದ ಮೇಲೆ ತಿಂಡಿಗೆ ಕರೆದರೆ ತಪ್ಪಿಸಬೇಡಿ. ಇಡ್ಲಿ ವಡೆ ಮುಂದೆ ಕೂತಾಗಲೇ ಅವತ್ತು ನೋಡಿದ್ದರ ಪಟ್ಟಿ ಮಾಡುವುದು, "ಅದು ಮಡಿವಾಳ ಹಕ್ಕಿ ಅಲ್ಲ, ಪಿಕಳಾರ" ಅಂತ ಜಗಳವಾಡುವುದು, ಮುಂದಿನ ತಿಂಗಳು ಎಲ್ಲಿಗೆ ಅಂತ ತೀರ್ಮಾನ ಮಾಡುವುದು. ಗೆಳೆತನ ಶುರುವಾಗುವುದೂ ಅಲ್ಲೇ.

ಒಂದೇ ಜಾಗಕ್ಕೆ ಮತ್ತೆ ಮತ್ತೆ

"ಲಾಲ್‌ಬಾಗ್ ಎಷ್ಟು ಸಲ ನೋಡೋದು?" ಅನ್ನುವವರಿಗೆ ನನ್ನ ಉತ್ತರ, ಹನ್ನೆರಡು ತಿಂಗಳೂ ನೋಡಿ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ ಈಗ 240 ಎಕರೆ. 1908ರಲ್ಲಿ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಿಗೆ ಮರ ಆರಿಸುವಾಗ ಒಂದು ಮುಗಿಯುವ ಹೊತ್ತಿಗೆ ಇನ್ನೊಂದು ಹೂ ಬಿಡಬೇಕು ಅಂತ ಯೋಚನೆ ಮಾಡಿದ್ದರು. ಅದು ಕಣ್ಣಿಗೆ ಕಾಣಬೇಕಾದರೆ ಒಂದು ಸಲ ಹೋದರೆ ಆಗುವುದಿಲ್ಲ. ಆಕಾಶ ಮಲ್ಲಿಗೆ ಚಳಿಗಾಲದ ಶುರುವಿನಲ್ಲಿ ದಾರಿ ತುಂಬ ಉದುರಿರುತ್ತದೆ. ಆ ಹೊತ್ತಿಗೇ ಗುಲಾಬಿ ಬಣ್ಣದ ಟಬೆಬುಯಾ. ಜನವರಿ ಫೆಬ್ರವರಿಯಲ್ಲಿ ಎಲೆಯೇ ಇಲ್ಲದ ಬೂರುಗದ ತುಂಬ ಕೆಂಪು ಹೂ, ಅದರ ರಸ ಕುಡಿಯಲು ಮೈನಾ, ಕಾಗೆ, ಅಳಿಲು. ಆಮೇಲೆ ಹಳದಿ ಟಬೆಬುಯಾ, ಜಕರಾಂಡ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರು, ಏಪ್ರಿಲ್ ಮೇ ತಿಂಗಳಿಗೆ ಕಕ್ಕೆ, ಗುಲ್‌ಮೊಹರ್.

ಮರ ಬಿಟ್ಟು ಕೆಳಗೆ ನೋಡಿದರೆ ಬಂಡೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಇದೆ. ಬೆಳಿಗ್ಗೆ ಅದರ ಮೇಲೆ ವ್ಯಾಯಾಮ ಮಾಡುವವರಲ್ಲಿ ಎಷ್ಟು ಜನ ಆ ಬೋರ್ಡ್ ಓದಿದ್ದಾರೋ ಗೊತ್ತಿಲ್ಲ. ಕಲ್ಲಿನ ಬಗ್ಗೆ ಗೊತ್ತಿರುವವರೊಬ್ಬರು ಗುಂಪಿನಲ್ಲಿದ್ದರೆ ಅವರನ್ನು ಬಂಡೆಯ ಮೇಲೆ ಕೂರಿಸಿ ಅರ್ಧ ಗಂಟೆ ಮಾತಾಡಿಸಿ.

ಬೆಂಗಳೂರಿನಲ್ಲಿ ಇರದವರಿಗೂ ಇದೇ ಮಾತು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ ಇದೆ. ಮಂಗಳೂರಿನವರಿಗೆ ಪಿಲಿಕುಳ. ಧಾರವಾಡದವರಿಗೆ ವಿಶ್ವವಿದ್ಯಾಲಯದ ಸಸ್ಯೋದ್ಯಾನ. ಗದಗದ ಕಡೆಯವರು ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹೋದರೆ ಹಿಮಾಲಯ ದಾಟಿ ಬಂದ ಪಟ್ಟೆ ತಲೆಯ ಹೆಬ್ಬಾತುಗಳನ್ನು ನೋಡಬಹುದು. ಮಂಡ್ಯದವರಿಗೆ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ಪಕ್ಕದ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಮನೆ ಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಕಾಡಿನೊಳಗೆ ಹೋಗುವುದಾದರೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಇದೆಯಾ ಅಂತ ಮೊದಲೇ ಕೇಳಿ. "ಯಾರೂ ಕೇಳಲ್ಲ ಬನ್ನಿ" ಅನ್ನುವವರ ಜೊತೆ ಹೋಗಬೇಡಿ.

ಯಾರದ್ದಾದರೂ ಮನೆ ತೋಟ ನೋಡಲು ಹೋದಾಗ

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಪಾರ್ಕ್ ಎಲ್ಲರದ್ದು, ಮನೆ ತೋಟ ಒಬ್ಬರ ವರ್ಷಗಟ್ಟಲೆಯ ಕೆಲಸ. ಅದನ್ನು ತೆರೆದು ತೋರಿಸುವುದು ದೊಡ್ಡ ಮನಸ್ಸಿನ ಕೆಲಸ. ನಾವೂ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳಬೇಕು.

ಬರಿಗೈಲಿ ಹೋಗಬೇಡಿ. ನಿಮ್ಮ ಗಿಡದ ನಾಲ್ಕು ಬೀಜ, ಒಂದು ಸಸಿ, ಮನೆಯ ನಾಲ್ಕು ನಿಂಬೆಹಣ್ಣು, ಏನಾದರೂ. ಹೇಳಿದ ಹೊತ್ತಿಗೆ ಹೋಗಿ, ಹೇಳಿದ ಹೊತ್ತಿಗೆ ಹೊರಡಿ. ಮನೆಯವರು ಇಪ್ಪತ್ತು ಜನಕ್ಕೆ ಪಾನಕ, ಕೋಸಂಬರಿ ಮಾಡಿಟ್ಟಿರುತ್ತಾರೆ, ಆದ್ದರಿಂದ ಬರುವುದಿಲ್ಲ ಅಂದರೆ ಹಿಂದಿನ ದಿನವೇ ತಿಳಿಸಿ. ಹೂ ಕೀಳಬೇಡಿ, ಎಲೆ ಹಿಸುಕಿ ವಾಸನೆ ನೋಡುವ ಮೊದಲೂ ಕೇಳಿ. ಪಾತಿಯ ಮಣ್ಣು ತುಳಿಯಬೇಡಿ, ಸಡಿಲ ಮಣ್ಣನ್ನು ತುಳಿದು ಗಟ್ಟಿ ಮಾಡಿದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಫೋಟೊ ಹಾಕುವುದಿದ್ದರೆ ಅವರನ್ನು ಕೇಳಿ, ಮನೆ ಯಾವುದು ಅಂತ ಗೊತ್ತಾಗುವ ಹಾಗೆ ಹಾಕಬೇಡಿ.

ಕದ್ದು ತಂದ ಕಡ್ಡಿ ಚೆನ್ನಾಗಿ ಚಿಗುರುತ್ತೆ ಅಂತ ನಮ್ಮಲ್ಲಿ ಒಂದು ಮಾತಿದೆ, ಮನಿ ಪ್ಲಾಂಟ್ ವಿಷಯದಲ್ಲಂತೂ ಎಲ್ಲರೂ ಹೇಳುತ್ತಾರೆ. ಗುಂಪಿನಲ್ಲಿ ಅದು ನಡೆಯುವುದಿಲ್ಲ. ಕೇಳಿದರೆ ಕೊಡದವರಿಲ್ಲ, ಕೇಳದೆ ಮುರಿದರೆ ಮುಂದಿನ ಸಲ ಆ ಮನೆ ಬಾಗಿಲು ಯಾರಿಗೂ ತೆರೆಯುವುದಿಲ್ಲ. ಕಡ್ಡಿ ಸಿಕ್ಕಿದರೆ ಅದನ್ನು ಬದುಕಿಸುವುದೂ ನಿಮ್ಮ ಕೆಲಸ. ದಾಸವಾಳವಾದರೆ ಪೆನ್ಸಿಲ್ ದಪ್ಪದ, ನಾಲ್ಕೈದು ಗಿಣ್ಣಿರುವ ಕಡ್ಡಿ ಸಾಕು, ಒದ್ದೆ ಪೇಪರಿನಲ್ಲಿ ಸುತ್ತಿ ತನ್ನಿ, ಕೆಳಗಿನ ಎಲೆ ತೆಗೆದು ನೆರಳಿನಲ್ಲಿ ನೆಡಿ. ಮಳೆಗಾಲದಲ್ಲಿ ಬೇಗ ಬೇರು ಬಿಡುತ್ತದೆ. ಬೇರೆಯವರ ಮನೆಯಿಂದ ತಂದ ಗಿಡವನ್ನು ಒಂದೆರಡು ವಾರ ಬೇರೆಯೇ ಇಡಿ. ಎಲೆಯ ಕಂಕುಳಲ್ಲಿ ಹತ್ತಿಯ ಹಾಗೆ ಬಿಳಿ ಹಿಟ್ಟು ಕಂಡರೆ ಅದು ಮಿಲಿಬಗ್, ಬಟ್ಟೆಯಿಂದ ಒರೆಸಿ ಸೋಪಿನ ನೀರು ಹೊಡೆಯಿರಿ, ಪೂರ್ತಿ ಹೋಗುವವರೆಗೆ ಉಳಿದ ಗಿಡಗಳ ಹತ್ತಿರ ತರಬೇಡಿ.

ಏನು ಕೇಳಬೇಕು ಅಂತ ಗೊತ್ತಾಗದಿದ್ದರೆ "ಇದಕ್ಕೆ ಎಷ್ಟು ಹೊತ್ತು ಬಿಸಿಲು ಬೀಳುತ್ತೆ? ನೀರು ಯಾವಾಗ ಹಾಕ್ತೀರಿ? ಯಾವ ಗಿಡ ಎಷ್ಟು ಮಾಡಿದರೂ ಬರಲಿಲ್ಲ?" ಅಂತ ಕೇಳಿ. ಮೂರನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ನಿಮಗೆ ಬೇಕಾದದ್ದು ಇರುತ್ತದೆ. ಅದೇ ಊರು, ಅದೇ ನೀರು, ಅದೇ ಬಿಸಿಲು, ಹಾಗಾಗಿ ಅವರಿಗೆ ಬರದೇ ಇದ್ದದ್ದು ನಿಮಗೂ ಕಷ್ಟವೇ. "ಇಲ್ಲಿ ಇದನ್ನ ಹಾಕಬಾರದಿತ್ತು" ಅಂತ ಅವರು ಕೇಳದೆ ಸಲಹೆ ಕೊಡಬೇಡಿ.

ಉಪನ್ಯಾಸದ ದಿನ

ನಡಿಗೆಯಷ್ಟೇ ಮಾತಿನ ಕಾರ್ಯಕ್ರಮಗಳೂ ಮುಖ್ಯ. ವಿಷಯ ನೋಡಿ ಹೋಗಿ, ಆದರೆ ನಿಮಗೆ ಇಷ್ಟವಿಲ್ಲದ ವಿಷಯಕ್ಕೂ ಆಗಾಗ ಹೋಗಿ. ಹಾವಿನ ಬಗ್ಗೆ ಭಯ ಇರುವವರೇ ಹಾವಿನ ಮಾತಿಗೆ ಹೋಗಬೇಕು. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕನ್ನು ಗುರುತಿಸಲು ಕಲಿತು, ಇಲಿ ಹಿಡಿಯುವ ಕೇರೆ ಹಾವಿಗೆ ವಿಷವಿಲ್ಲ ಅನ್ನುವುದು ಮನಸ್ಸಿಗೆ ಬಂದರೆ, ಹಿತ್ತಲಲ್ಲಿ ಒಂದು ಕೇರೆ ಹಾವು ಉಳಿಯುತ್ತದೆ. ಹಾವು ಹಿಡಿಯುವುದನ್ನು ಮಾತ್ರ ಕಲಿಯಲು ಹೋಗಬೇಡಿ, ಅದು ತರಬೇತಿ ಇರುವವರ ಕೆಲಸ.

ಪ್ರಶ್ನೆ ಕೇಳುವಾಗ ಒಂದೇ ಪ್ರಶ್ನೆ ಕೇಳಿ, ಚಿಕ್ಕದಾಗಿ. ನಿಮ್ಮ ಮನೆಯಲ್ಲಿ ಕಂಡದ್ದನ್ನು ಕೇಳಿದರೆ ಎಲ್ಲರಿಗೂ ಉಪಯೋಗ. "ಕಿಟಕಿ ಚೌಕಟ್ಟಿನ ತೂತಿನಲ್ಲಿ ಸಣ್ಣ ಕಪ್ಪು ಹುಳಗಳು ಹೋಗಿ ಬರುತ್ತಿವೆ, ಏನು ಮಾಡಲಿ?" ಅಂದರೆ ಅದು ಕುಟುಕದ ಮುಜಂಟಿ ಜೇನು ಇರಬಹುದು, ಮುಚ್ಚಬೇಡಿ, ನಿಮ್ಮ ಮೆಣಸಿನ ಹೂವಿಗೆ ಒಳ್ಳೆಯದು ಅನ್ನುವ ಉತ್ತರ ಬರುತ್ತದೆ. ಅದನ್ನು ಕೇಳಿದ ಇನ್ನೂ ನಾಲ್ಕು ಜನ ಮನೆಗೆ ಹೋಗಿ ತಮ್ಮ ಗೋಡೆಯ ತೂತು ನೋಡುತ್ತಾರೆ.

ವಾಟ್ಸಾಪ್ ಗುಂಪು

ಈಗ ಎಲ್ಲ ಗುಂಪಿಗೂ ಇದು ಇದ್ದೇ ಇದೆ. ಗುಡ್ ಮಾರ್ನಿಂಗ್ ಬೇಡ, ರಾಜಕೀಯ ಬೇಡ, ಇಷ್ಟು ಸಾಕು. "ಇದು ಯಾವ ಗಿಡ?" ಅಂತ ಕೇಳುವುದಾದರೆ ಒಂದು ಹೂವಿನ ಫೋಟೊ ಸಾಲದು. ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಅಡಿಭಾಗ, ಕಾಂಡ ಅಥವಾ ತೊಗಟೆ, ಕಾಯಿ ಇದ್ದರೆ ಕಾಯಿ, ಯಾವ ಊರು, ಯಾವ ತಿಂಗಳು, ಇಷ್ಟನ್ನೂ ಹಾಕಿ. ಇನ್ನೊಂದು ಮಾತು, ಬಹಳ ಮುಖ್ಯ: ಫೋಟೊ ನೋಡಿ ಯಾರೋ ಹೆಸರು ಹೇಳಿದರು ಅಂತ ಯಾವ ಸೊಪ್ಪನ್ನೂ ಕಾಯಿಯನ್ನೂ ಅಣಬೆಯನ್ನೂ ತಿನ್ನಬೇಡಿ. ಕಣಗಿಲೆ, ಗುಲಗಂಜಿ, ದತ್ತೂರಿ ನೋಡಲು ಚೆಂದ, ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಅಪರೂಪದ ಹಕ್ಕಿಯ ಗೂಡು ಕಂಡರೆ ಜಾಗ ಬರೆಯಬೇಡಿ, ಮರುದಿನವೇ ಕ್ಯಾಮೆರಾ ಹಿಡಿದು ಜನ ಸೇರುತ್ತಾರೆ.

ನೋಡಿದ್ದನ್ನು ದಾಖಲು ಮಾಡುವ ಆಸೆ ಇದ್ದರೆ ಹಕ್ಕಿಗೆ ಈಬರ್ಡ್, ಉಳಿದೆಲ್ಲಕ್ಕೂ ಐನ್ಯಾಚುರಲಿಸ್ಟ್ ಅನ್ನುವ ಮೊಬೈಲ್ ಆ್ಯಪ್ ಇದೆ. ವಾರಕ್ಕೊಮ್ಮೆ ಒಂದೇ ಮರವನ್ನು ನೋಡಿ ಚಿಗುರು, ಹೂ, ಕಾಯಿ ಎಷ್ಟಿದೆ ಅಂತ ಬರೆಯುವ ಸೀಸನ್‌ವಾಚ್ ಅಂತೂ ಮನೆಯಿಂದ ದೂರ ಹೋಗಲಾಗದವರಿಗೆ ಹೇಳಿ ಮಾಡಿಸಿದ್ದು. ಮನೆ ಮುಂದಿನ ಹೊಂಗೆ, ಹಿತ್ತಲಿನ ಹಲಸು ಸಾಕು.

ಸೇರಿದ ಮೇಲೆ

ಕೆಲವು ತಿಂಗಳು ಹೋದ ಮೇಲೆ ಏನಾದರೂ ಕೆಲಸ ಕೈಗೆ ತೆಗೆದುಕೊಳ್ಳಿ. ಪಟ್ಟಿ ಬರೆಯುವುದು, ಹೊಸಬರಿಗೆ ಫೋನ್ ಮಾಡಿ ದಾರಿ ಹೇಳುವುದು, ಬೀಜ ಪೊಟ್ಟಣ ಕಟ್ಟಿ ಮೇಲೆ ಹೆಸರು ತಾರೀಕು ಬರೆಯುವುದು. ಇಂಥ ಕೆಲಸ ಮಾಡುವವರಿಲ್ಲದೆ ಎಷ್ಟೋ ಒಳ್ಳೆಯ ಗುಂಪುಗಳು ಸದ್ದಿಲ್ಲದೆ ನಿಂತುಹೋಗಿವೆ. ಎಲ್ಲವನ್ನೂ ಒಬ್ಬರೇ ಹೊತ್ತುಕೊಂಡು ನಡೆಸುತ್ತಿರುತ್ತಾರೆ, ಅವರಿಗೆ ಹುಷಾರಿಲ್ಲದೆ ಹೋದರೆ ನಡಿಗೆಯೂ ನಿಲ್ಲುತ್ತದೆ. ನೀವು ಕೇಳಿಯೇ ಕೆಲಸ ತೆಗೆದುಕೊಳ್ಳಿ, ಅವರಾಗಿ ಕೇಳುವುದಿಲ್ಲ.

ಬರುವಾಗ ಒಬ್ಬರನ್ನು ಕರೆತನ್ನಿ. ಪಕ್ಕದ ಮನೆಯ ಹುಡುಗಿ, ನಿವೃತ್ತರಾಗಿ ಮನೆಯಲ್ಲೇ ಕೂತಿರುವ ಮಾವ, ಯಾರಾದರೂ ಸರಿ. ವಯಸ್ಸಾದವರು ಬಂದರೆ ಕೂರಲು ಬೆಂಚು, ಶೌಚಾಲಯ ಎಲ್ಲಿದೆ ಅಂತ ಮೊದಲೇ ನೋಡಿಡಿ. ಎರಡು ಕಿಲೋಮೀಟರ್ ನಡಿಗೆಯನ್ನು ಐನೂರು ಮೀಟರ್ ಮಾಡಿದರೂ ನೋಡುವುದೇನೂ ಕಡಿಮೆಯಾಗುವುದಿಲ್ಲ.

ಊರಿನಲ್ಲಿ ಗುಂಪೇ ಇಲ್ಲದಿದ್ದರೆ

ನೀವೇ ಶುರು ಮಾಡಿ. ನಾಲ್ಕು ಜನ ಸಾಕು. ಹೆಸರು, ಬ್ಯಾನರ್, ಪದಾಧಿಕಾರಿಗಳು ಈಗಲೇ ಬೇಡ, ದುಡ್ಡು ಸೇರಿಸುವುದೂ ಬೇಡ. ದಿನ ಮಾತ್ರ ಗಟ್ಟಿ ಮಾಡಿಕೊಳ್ಳಿ, ತಿಂಗಳ ಎರಡನೇ ಭಾನುವಾರ ಅಂದರೆ ಎರಡನೇ ಭಾನುವಾರವೇ, ಮಳೆ ಬಂದರೂ ಯಾರದ್ದಾದರೂ ಮನೆ ಜಗಲಿಯಲ್ಲಿ ಸೇರಬಹುದು. ದಿನ ಬದಲಾಯಿಸುತ್ತಾ ಹೋದರೆ ಜನ ಬರುವುದು ನಿಲ್ಲಿಸುತ್ತಾರೆ. ತಾಲ್ಲೂಕು ಕಾಲೇಜಿನ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದ ಮೇಷ್ಟ್ರನ್ನು ಒಂದು ಸಲ ಕರೆಯಿರಿ, ಬಹಳ ಜನ ಖುಷಿಯಿಂದ ಬರುತ್ತಾರೆ. ನಾಟಿ ವೈದ್ಯರು, ಹಳೆಯ ತೋಟದ ಮಾಲಿ, ದೇವಸ್ಥಾನಕ್ಕೆ ಹೂ ಕಟ್ಟಿ ಕೊಡುವ ಅಮ್ಮ, ಇವರೂ ಮಾತಾಡಲಿ. ವೇದಿಕೆ ಮೇಲೆ ಬೇಡ, ಗಿಡದ ಹತ್ತಿರ ನಿಂತು.

ಮೊದಲ ಸಲಕ್ಕೆ ಜಾಗ ಹುಡುಕುವಾಗ ಊರಿನಲ್ಲಿ ಆಲ, ಅತ್ತಿ, ಬಸರಿ ಮರ ಎಲ್ಲಿದೆ, ಅದರಲ್ಲಿ ಹಣ್ಣಿದೆಯಾ ಅಂತ ನೋಡಿ. ಹಣ್ಣಿದ್ದರೆ ಕುಟ್ರ ಹಕ್ಕಿ, ಪಿಕಳಾರ, ಕೋಗಿಲೆ, ಮೈನಾ ಎಲ್ಲ ಒಂದೇ ಮರದಲ್ಲಿ ಸಿಗುತ್ತವೆ. ನೆಲಕ್ಕೆ ಬಿದ್ದ ಒಂದು ಅತ್ತಿಹಣ್ಣು ಬಿಡಿಸಿ ಎಲ್ಲರಿಗೂ ತೋರಿಸಿ. ಹೂವುಗಳು ಅದರ ಒಳಗೇ ಇರುತ್ತವೆ, ಸೂಜಿ ತುದಿಯಷ್ಟು ತೂತಿನಿಂದ ಒಳಗೆ ನುಗ್ಗುವ ಪುಟ್ಟ ಕಣಜ ಪರಾಗ ತರುತ್ತದೆ, ಆ ಕಣಜ ಇಲ್ಲದೆ ಮರಕ್ಕೆ ಬೀಜವಿಲ್ಲ, ಆ ಮರ ಇಲ್ಲದೆ ಕಣಜಕ್ಕೆ ಮೊಟ್ಟೆ ಇಡಲು ಜಾಗವಿಲ್ಲ. ಒಂದು ಬೆಳಗಿನ ಮಾತಿಗೆ ಇಷ್ಟು ಸಾಕು. ಹೊರಡುವ ಮೊದಲು ಬಂದವರ ಹೆಸರು ಬರೆದುಕೊಂಡು, ಮುಂದಿನ ತಿಂಗಳ ತಾರೀಕನ್ನೂ ಯಾರ ಮನೆ ತೋಟ ಅನ್ನುವುದನ್ನೂ ಅಲ್ಲೇ ನಿಂತು ತೀರ್ಮಾನ ಮಾಡಿ.